ಕಂಕುಳ ಕೆಳಗಿನ ಕಪ್ಪು ಗೆರೆ

ನಾನು ಕೆಲಸಕ್ಕೆ ಸೇರಿದ ದಿನ ನಮ್ಮ ಆಫೀಸಿನ ಕಂಪ್ಯೂಟರುಗಳಲ್ಲಿ ಓಡಾಡುತ್ತಿದ್ದ ರೋಮನ್ ಗಂಡಸರೆಲ್ಲ ಕೊರಳಿಗೆ ಕಂಡುವಾ ಹಾಕಿಕೊಂಡಿದ್ದರು. ತೆಲುಗು ಸೀಮೆಯ ರಾಜಕಾರಣಿಗಳು, ಮದುವೆಮನೆಯ ಹಿರಿಯರು ಕುತ್ತಿಗೆಯ ಎರಡೂ ಬದಿಗೆ ಇಳಿಬಿಟ್ಟುಕೊಳ್ಳುವ ಶಲ್ಯ ಇದೆಯಲ್ಲ, ಅದೇ. ಬಿಳಿಯ ನಿಲುವಂಗಿ, ಅದರ ಮೇಲೆ ನೇರಳೆ ಬಣ್ಣದ ಕಂಡುವಾ. ನಡೆದರೆ ಅದರ ತುದಿಗಳು ಗಾಳಿಗೆ ಹಾರಾಡುತ್ತಿದ್ದವು. ಇನ್ನು ಕೈ ಮುಗಿದುಕೊಂಡು ಬಂದು ಓಟು ಕೇಳುವುದೊಂದು ಬಾಕಿ ಇತ್ತು.

ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ಅಮೀರ್‌ಪೇಟೆಯಲ್ಲಿ ಗೋಡೆಯೇ ಕಾಣದಷ್ಟು ಕೋರ್ಸುಗಳ ಪೋಸ್ಟರು. ಕೂಕಟ್‌ಪಲ್ಲಿಯ ಫ್ಲ್ಯಾಟುಗಳಲ್ಲಿ ಅಡುಗೆಮನೆಯಲ್ಲೂ ಹಾಸಿಗೆ ಹಾಸಿಕೊಂಡು ಮಲಗುವ ಹುಡುಗರು. ಇವರ ನಡುವೆ ನಾನು ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸದ ಎಂ.ಎ. ಮಾಡಿ ಕೂತಿದ್ದೆ. ಏನು ಓದಿದ್ದೀಯ ಎಂದು ಕೇಳಿದವರು ಉತ್ತರ ಕೇಳಿದ ಮೇಲೆ ಕಾಹಿಲೆಯವರನ್ನು ನೋಡಿದ ಹಾಗೆ ನೋಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹಾಗಿರುವಾಗ ಮಾಧಾಪುರದ ಒಂದು ಸಣ್ಣ ಕಂಪನಿ ಇತಿಹಾಸ ಓದಿದವರೇ ಬೇಕು ಎಂದು ಕರೆಯಿತು. ಹೊರದೇಶದ ಒಂದು ಮ್ಯೂಸಿಯಂ ಅವರಿಗೆ ಕೆಲಸ ಕೊಟ್ಟಿತ್ತು. ರೋಮಿನ ಮೊದಲ ಕಾಲದ ಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದ ನೆಲದಡಿಯ ಸುರಂಗಗಳಲ್ಲಿ ಗೋಡೆಗಳ ಮೇಲೆ ಚಿತ್ರಗಳಿವೆ. ಅವುಗಳ ಫೋಟೋ ನೋಡಿ, ಆ ಚಿತ್ರದ ಜನ ಪರದೆಯ ಮೇಲೆ ಎದ್ದು ನಡೆದಾಡುವಂತೆ ಮಾಡಬೇಕು. ಯಾರು ಏನು ಉಟ್ಟಿದ್ದಾರೆ, ಅದನ್ನು ಹೇಗೆ ಹೊಲಿದಿದ್ದಾರೆ, ಮೈ ಮೇಲೆ ಅದು ಹೇಗೆ ಬೀಳುತ್ತದೆ ಎಂದು ಹೇಳುವುದು ನನ್ನ ಕೆಲಸ.

ಅದಕ್ಕೆ ಕಂಪ್ಯೂಟರಿನಲ್ಲಿ ರೂಪ ಕೊಡುತ್ತಿದ್ದವನು ವಿಜಯವಾಡದ ಕಡೆಯ ಒಬ್ಬ ಸಿವಿಲ್ ಇಂಜಿನಿಯರ್. ಸಿಮೆಂಟು ಬಿಟ್ಟು ಸಾಫ್ಟ್‌ವೇರಿಗೆ ಬಂದವನು. ನನ್ನ ಪಕ್ಕದ ಕುರ್ಚಿ. ಈ ಕಂಡುವಾ ಎಲ್ಲಿಂದ ಬಂತು ಎಂದು ಕೇಳಿದೆ.

"ಪೆದ್ದಮನುಷುಲು ಕದಾ ಮೇಡಂ," ಅಂದ. ದೊಡ್ಡ ಮನುಷ್ಯರಲ್ಲವೆ, ಕಂಡುವಾ ಇಲ್ಲದೆ ಹೇಗೆ ಎಂಬುದು ಅವನ ವಾದ. ಫೋಟೋದಲ್ಲಿ ಬೆರಳಿಟ್ಟು ತೋರಿಸಿದ. ನಿಜವೇ. ಪ್ರತಿಯೊಬ್ಬನ ನಿಲುವಂಗಿಯ ಮೇಲೂ ಎರಡು ಹೆಗಲಿನಿಂದ ಕೆಳಗಿನವರೆಗೆ ಎರಡು ಕಪ್ಪು-ನೇರಳೆ ಪಟ್ಟೆಗಳು ಇಳಿದಿದ್ದವು. ನಮ್ಮ ಕಡೆಯವರು ಯಾರು ನೋಡಿದರೂ ಶಲ್ಯವೆಂದೇ ಹೇಳುತ್ತಿದ್ದರು. ಕಣ್ಣು ಎಲ್ಲಿ ಹೋದರೂ ಮೊದಲು ತನ್ನ ಊರನ್ನೇ ಹುಡುಕುತ್ತದೆ. ಹಾಗಾಗಿ ಬೈಯಲು ಬಾಯಿ ಬರಲಿಲ್ಲ.

ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಚಿತ್ರವೊಂದಿತ್ತು. ಅದನ್ನು ದೊಡ್ಡದು ಮಾಡಿ ತೋರಿಸಿದೆ. ಕುರುಬ ನಡುವಿಗೆ ಹಗ್ಗದಂಥ ಪಟ್ಟಿ ಬಿಗಿದಿದ್ದಾನೆ. ಎರಡೂ ಗೆರೆಗಳು ಆ ಪಟ್ಟಿಯ ಕೆಳಗೆ ನುಗ್ಗಿ ಆ ಕಡೆ ಹೊರಬಂದಿವೆ. ಕೊರಳಿನಿಂದ ಇಳಿಬಿಟ್ಟ ಬಟ್ಟೆಯಾಗಿದ್ದರೆ ಪಟ್ಟಿಯ ಮೇಲೆ ಜೋಲಾಡಬೇಕಿತ್ತು. ಇವು ಬಟ್ಟೆಯಲ್ಲೇ ನೇಯ್ದ ಪಟ್ಟೆಗಳು, ಬಟ್ಟೆ ಮಡಿಚಿದ ಕಡೆ ಮಡಿಚುತ್ತವೆ. ಅವನು ಪರದೆಯ ಹತ್ತಿರ ಬಾಗಿ ನೋಡಿದ. ಆಮೇಲೆ ಒಂದೊಂದೇ ಕಂಡುವಾ ಅಳಿಸತೊಡಗಿದ. "ಈಗ ನೋಡಿ ಮೇಡಂ, ಎಲ್ಲರೂ ಎಲೆಕ್ಷನ್ ಸೋತ ಹಾಗೆ ಕಾಣಿಸುತ್ತಾರೆ," ಎಂದು ಹಿಂದಿಯಲ್ಲಿ ಗೊಣಗಿದ. ಅವತ್ತಿನಿಂದ ನಮಗೆ ಸ್ನೇಹವಾಯಿತು.

ಮನೆಗೆ ಹೋಗಿ ಈ ಕಥೆ ಹೇಳಿದರೆ ಅಪ್ಪ ಬಿದ್ದು ಬಿದ್ದು ನಕ್ಕ. ಅವ್ವ ನಗಲಿಲ್ಲ. ಅವಳು ನಗುವುದನ್ನು ಬಿಟ್ಟು ಆಗಲೇ ಕೆಲವು ತಿಂಗಳಾಗಿದ್ದವು.

ನಾವು ಗದಗ-ಬೆಟಗೇರಿ ಕಡೆಯ ಕ್ರೈಸ್ತರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅಪ್ಪನನ್ನು ಇಲಾಖೆ ಸಿಕಂದರಾಬಾದಿಗೆ ತಂದು ಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಅವನು ಮಲ್ಕಾಜ್‌ಗಿರಿಯಲ್ಲೇ ಬಾಡಿಗೆಮನೆ ಹಿಡಿದ. ಗಾಡಿಯ ಸದ್ದು ಕೇಳದಿದ್ದರೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಸಿಕಂದರಾಬಾದಿನ ಒಂದು ಹಳೆಯ ಚರ್ಚಿನಲ್ಲಿ ತೆಲುಗಿನವರ ಆರಾಧನೆ, ಇಂಗ್ಲಿಷಿನವರ ಆರಾಧನೆ ಮುಗಿದ ಮೇಲೆ ಕನ್ನಡದ ನಾವು ಕೆಲವು ಮನೆಯವರು ಹಿಂದಿನ ಹಾಲಿನಲ್ಲಿ ಸೇರುತ್ತಿದ್ದೆವು. ರೈಲ್ವೆಯವರು, ಕಾರ್ಖಾನೆಯವರು, ಕಟ್ಟಡದ ಕೆಲಸಕ್ಕೆ ಬಂದವರು ಎಲ್ಲ ಸೇರಿದರೂ ಹಾಲು ತುಂಬುತ್ತಿರಲಿಲ್ಲ. ನಮಗೆ ಆರ್ಗನ್ ಇರಲಿಲ್ಲ. ಅವ್ವ ಇದ್ದಳು.

ಪಾದ್ರಿ ಹಾಡಿನ ಹೆಸರು ಹೇಳಿದ ಕೂಡಲೇ ಅವ್ವ ಮುಂದಿನ ಬೆಂಚಿನಿಂದ ಏಳುತ್ತಿದ್ದಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ಬಾಯಿ ಮುಚ್ಚಿಕೊಂಡೇ ಶ್ರುತಿ ಹಿಡಿದು ಬಲಗೈ ಮೇಲೆತ್ತುತ್ತಿದ್ದಳು. ಆ ಕೈ ಮೇಲಿರುವಷ್ಟು ಹೊತ್ತು ಎಲ್ಲರೂ ಉಸಿರು ಹಿಡಿದಿರಬೇಕು. ಕೈ ಇಳಿದರೆ ಹಾಡು ಶುರು. ಚಿಕ್ಕವಳಿದ್ದಾಗ ಹಾಡೆಲ್ಲ ಅವ್ವನ ಅಂಗೈಯಲ್ಲೇ ಇರುತ್ತದೆ ಎಂದು ನಾನು ನಂಬಿದ್ದೆ.

ಆ ವರ್ಷ ಮಳೆಗಾಲದಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಕೂಡಿಕೊಂಡಿತು, ಆದರೆ ಬಲಗಡೆಯ ಹೆಗಲು ಸೆಟೆದುಕೊಂಡುಬಿಟ್ಟಿತು. ಕೈ ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಗೋಡೆಗೆ ಬೆರಳಿಟ್ಟು ದಿನವೂ ಮೇಲಕ್ಕೆ ಹತ್ತಿಸಬೇಕೆಂದು ಡಾಕ್ಟರು ಹೇಳಿಕೊಟ್ಟರು. ಎರಡು ದಿನ ಮಾಡಿ, ನೋವಿಗೆ ಕಣ್ಣೀರು ಬಂದು, ಬಿಟ್ಟಳು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಕುಬಸ. ನೀವು ಯಾವಾಗಲಾದರೂ ಗಮನಿಸಿದ್ದೀರೋ ಇಲ್ಲವೋ, ಕುಬಸ ಹಾಕಿಕೊಳ್ಳಲು ಒಂದು ಕೈ ಹಿಂದೆ ಹೋಗಿ ತೋಳನ್ನು ಹುಡುಕಲೇಬೇಕು. ಟೇಲರ್ ತೋಳು ದೊಡ್ಡದು ಮಾಡಿಕೊಟ್ಟ, ಮುಂದೆ ಹುಕ್ಕು ಇಟ್ಟುಕೊಟ್ಟ. ಏನು ಮಾಡಿದರೂ ಅಪ್ಪ ತೋಳು ಹಿಡಿದೆಳೆಯಬೇಕು, ಅವ್ವ ಕಿರುಚಬೇಕು. ಕುಬಸ ಇಲ್ಲದೆ ಸೀರೆ ಇಲ್ಲ, ಸೀರೆ ಇಲ್ಲದೆ ಅವ್ವ ಹೊಸ್ತಿಲು ದಾಟುವವಳಲ್ಲ. ನೈಟಿ ಹಾಕಿಕೊಂಡು ಒಳಗೇ ಉಳಿದಳು.

ಆರಾಧನೆಯ ಹೆಂಗಸರು ಕರೆಯಲು ಬಂದರು. "ಬರ್ರಿ ಅಕ್ಕಾರ, ನೀವಿಲ್ಲದ ಹಾಡು ದಾರಿ ತಪ್ಪಾಕತ್ತಾವ್ರಿ," ಅಂದರು. ಅವ್ವ ಬಾಗಿಲ ಹಿಂದೆ ನಿಂತೇ ಮಾತಾಡಿದಳು.

"ಹಿಂಗ ನೈಟಿ ಮ್ಯಾಲ ದೇವರ ಮುಂದ ಬರಾಕ ನನಗೇನು ತಲಿ ಕೆಟ್ಟೈತೇನ? ಕೈ ಏಳೂದಿಲ್ಲ, ಬಂದರ ಏನ್ ಮಾಡ್ಲಿ? ನೀವ ಹಾಡ್ಕೋರಿ."

ಅವಳ ಜಾಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಹಾಡು ಎತ್ತತೊಡಗಿದ್ದರು. ಒಳ್ಳೆಯ ಮನುಷ್ಯ. ಆದರೆ ಎಷ್ಟು ಮೇಲಿನ ಶ್ರುತಿಗೆ ಹಿಡಿಯುತ್ತಿದ್ದರೆಂದರೆ, ಮೂರನೆಯ ಸಾಲಿಗೆ ಬರುವಾಗ ಹಾಲಿನಲ್ಲಿ ಅವರೊಬ್ಬರೇ ಉಳಿದಿರುತ್ತಿದ್ದರು. ಭಾನುವಾರ ನಾವು ಮನೆಗೆ ಬಂದ ಕೂಡಲೇ ಅವ್ವ ಕೇಳುವುದು ಒಂದೇ ಪ್ರಶ್ನೆ, ಇವತ್ತು ಹಾಡು ಹೇಗಾಯಿತು ಎಂದು. ಅಪ್ಪ "ಆತು, ಚಲೋ ಆತು," ಎಂದು ಸುಳ್ಳು ಹೇಳುತ್ತಿದ್ದ. ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವ್ವ ಇನ್ನು ಆ ಬೆಂಚಿಗೆ ಹೋಗುವುದೇ ಇಲ್ಲವೇನೋ ಎಂಬ ಹೆದರಿಕೆ ನನ್ನನ್ನು ಬಸ್ಸಿನಲ್ಲೂ ಬಿಡುತ್ತಿರಲಿಲ್ಲ.

ಆಫೀಸಿನಲ್ಲಿ ಅಷ್ಟು ಹೊತ್ತಿಗೆ ನಾವು ಒಬ್ಬ ಹೆಂಗಸಿನ ಹತ್ತಿರ ಬಂದು ಸಿಕ್ಕಿಬಿದ್ದಿದ್ದೆವು. ಸಮಾಧಿಯ ಕಮಾನಿನ ಕೆಳಗೆ ಅವಳು ನೆಟ್ಟಗೆ ನಿಂತಿದ್ದಾಳೆ. ತಲೆಯ ಮೇಲೆ ಸೆರಗಿನಂಥ ಹೊದಿಕೆ. ದೊಡ್ಡ ದೊಡ್ಡ ಕಣ್ಣು. ಎರಡೂ ಕೈಗಳನ್ನು ಬದಿಗೆ ಎತ್ತಿ ಅಂಗೈಗಳನ್ನು ಬಿಚ್ಚಿದ್ದಾಳೆ. ಆಗಿನ ಕ್ರೈಸ್ತರು ಪ್ರಾರ್ಥನೆ ಮಾಡುತ್ತಿದ್ದದ್ದು ಹಾಗೆ. ನಮ್ಮ ಹಾಗೆ ಕೈ ಜೋಡಿಸುತ್ತಿರಲಿಲ್ಲ. ಪೊಲೀಸರು ಹಿಡಿದಿರಬೇಕು ಎಂದು ನನ್ನ ಸ್ನೇಹಿತ ತಮಾಷೆ ಮಾಡಿದ. ಅವಳ ಅಂಗಿ ಕಾಲಿನವರೆಗೆ ಇಳಿದಿದೆ, ತೋಳುಗಳು ಅಗಲ, ಮುಂಗೈಯ ಹತ್ತಿರ ಪಟ್ಟಿ. ಎರಡು ಪಟ್ಟೆಗಳು ಹೆಗಲಿನಿಂದ ಪಾದದವರೆಗೆ ದಾರ ಹಿಡಿದ ಹಾಗೆ ನೇರ.

ನಮ್ಮ ಕಂಪ್ಯೂಟರಿನ ಹೆಂಗಸು ಕೈ ಇಳಿಸಿ ನಿಂತಾಗ ಚೆನ್ನಾಗಿಯೇ ಕಾಣುತ್ತಿದ್ದಳು. ಕೈ ಎತ್ತಿದ ಕೂಡಲೇ ಮಾನ ಹೋಗುತ್ತಿತ್ತು. ಅಂಗಿ ಪೂರ್ತಿ ಮೇಲೆದ್ದು ಮೊಣಕಾಲು ಕಾಣುತ್ತಿತ್ತು, ಪಟ್ಟೆಗಳು ಸೊಟ್ಟಗಾಗಿ ಕಿವಿಯ ಕಡೆ ಓಡುತ್ತಿದ್ದವು. ಗೋಡೆಯ ಮೇಲಿನವಳ ಅಂಚು ಮಾತ್ರ ಪಾದದ ಹತ್ತಿರವೇ ಇತ್ತು. ಸ್ನೇಹಿತ ಸಾಫ್ಟ್‌ವೇರಿನ ದೋಷ ಅಂದ. ನೀನು ಕುರ್ತಾದ ತೋಳು ಹಚ್ಚಿದ್ದೀಯ ಎಂದು ನಾನು. ಚಿತ್ರಕಾರನೇ ತಪ್ಪು ಮಾಡಿದ್ದಾನೆ, ದೀಪದ ಬೆಳಕಲ್ಲಿ ಅವಸರದಲ್ಲಿ ಬರೆದವನು ಅಂಗಿ ಏಳುತ್ತದೋ ಇಲ್ಲವೋ ಎಂದು ಯೋಚಿಸಿರುತ್ತಾನೆಯೆ ಎಂದು ಅವನು. ಈ ಜಗಳ ಬೆಳೆದು ಚಹಾ ತರುವವನೂ ಒಂದು ಪಕ್ಷ ಹಿಡಿದ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಅವಳ ಕಂಕುಳ ಕೆಳಗಿದ್ದ ಒಂದು ಕಪ್ಪು ಗೆರೆ. ಬೆರಳುದ್ದದ, ದಪ್ಪ ಕುಂಚದ ಒಂದೇ ಎಳೆತ. ನೆರಳು ಅಂದ ಸ್ನೇಹಿತ. ನೆರಳಾಗಿದ್ದರೆ ಒಂದೇ ಕಡೆ ಇರಬೇಕಿತ್ತು. ಅವಳ ಮುಖಕ್ಕೆ ಚಿತ್ರಕಾರ ಒಂದು ಬದಿಗೆ ಮಾತ್ರ ನೆರಳು ಕೊಟ್ಟಿದ್ದ, ಈ ಗೆರೆ ಎರಡೂ ಕಂಕುಳಲ್ಲಿತ್ತು. ಹಾಗಾದರೆ ಗೋಡೆಯ ತೇವದ ಕಲೆ ಅಂದ. ಉಳಿದ ಫೋಟೋಗಳನ್ನೆಲ್ಲ ತೆಗೆದು ನೋಡಿದೆವು. ಬೇರೆ ಸುರಂಗ, ಬೇರೆ ಗೋಡೆ, ಬೇರೆ ಕೈಯ ಕೆಲಸ. ಆದರೂ ಕೈ ಎತ್ತಿದ ಹಲವರ ಕಂಕುಳಲ್ಲಿ ಅದೇ ಗೆರೆ. ತೇವಕ್ಕೆ ಕಂಕುಳ ವಿಳಾಸ ಯಾರು ಕೊಟ್ಟರು ಎಂದು ಕೇಳಿದೆ. ಆದರೆ ಆ ಗೆರೆ ಏನೆಂದು ನನಗೂ ಪೂರ್ತಿ ಗೊತ್ತಿರಲಿಲ್ಲ.

ಮ್ಯೂಸಿಯಂನವರು ಈಜಿಪ್ಟಿನ ಒಣ ಮರಳಿನಲ್ಲಿ ಕೊಳೆಯದೆ ಉಳಿದ ಅದೇ ಕಾಲದ ಕೆಲವು ಅಂಗಿಗಳ ಚಿತ್ರಗಳನ್ನೂ ಕಳಿಸಿದ್ದರು. ಅವನ್ನು ಕತ್ತರಿಸಿ ಹೊಲಿದದ್ದಲ್ಲ. ಮಗ್ಗದ ಮೇಲೆ ತೋಳಿನ ಸಮೇತ ಒಂದೇ ತುಂಡಾಗಿ ನೇಯುತ್ತಿದ್ದರು, ತಲೆ ತೂರಲು ನಡುವೆ ಒಂದು ಸೀಳು ಬಿಡುತ್ತಿದ್ದರು. ಹೆಗಲಲ್ಲಿ ಮಡಿಚಿ ಎರಡು ಬದಿ ಹೊಲಿದರೆ ಅಂಗಿ ಮುಗಿಯಿತು. ಕೆಲವಕ್ಕೆ ಕಂಕುಳಲ್ಲಿ ಹೊಲಿಗೆಯೇ ಹಾಕಿರಲಿಲ್ಲ, ತೆರೆದೇ ಬಿಟ್ಟಿದ್ದರು. ಇದನ್ನೆಲ್ಲ ನಾನು ಎಂ.ಎ.ಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಬರೆದದ್ದು ಬೇರೆ, ನಂಬುವುದು ಬೇರೆ. ನಾನು ಮೊಂಡು ಸ್ವಭಾವದವಳು, ಕೈಯಿಂದ ಮಾಡಿ ನೋಡದೆ ಯಾವುದನ್ನೂ ಒಪ್ಪುವವಳಲ್ಲ.

ಶನಿವಾರ ಮನೆಯ ಅಂಗಳದಲ್ಲಿ ಹಳೆಯ ಹಾಸಿಗೆ ಹೊದಿಕೆಯೊಂದನ್ನು ಹರವಿ, ಇನ್ನೊಂದರಿಂದ ತೋಳಿನಗಲ ಜೋಡಿಸಿ, ನಡುವೆ ಸೀಳಿದೆ. ಮಡಿಚಿ ಎರಡು ಬದಿಗೂ ಕಂಕುಳವರೆಗೆ ದಪ್ಪ ದಾರದಲ್ಲಿ ಹೊಲಿದೆ. ಯಾರಿಗೆ ತೊಡಿಸುವುದು? ಅಪ್ಪ ಪೇಪರ್ ಓದುತ್ತಾ ಕೂತಿದ್ದ. ಏಳು ಅಂದೆ.

ಅಪ್ಪನಂಥ ಮಾಡೆಲ್ ಆ ಕಂಪನಿಗೆ ಇಡೀ ಮಾಧಾಪುರದಲ್ಲಿ ಸಿಗುತ್ತಿರಲಿಲ್ಲ. ಜೀವಮಾನವೆಲ್ಲ ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು ಕೈ ಎತ್ತಿ ಬಾವುಟ ತೋರಿಸಿದವನು. ಕೈ ಎತ್ತು ಅಂದರೆ ಎತ್ತಿಯೇ ನಿಂತ, ನಾನು ಸಾಕು ಅನ್ನುವವರೆಗೂ ಇಳಿಸಲಿಲ್ಲ. ಆದರೆ ಅವನು ಕೈ ಎತ್ತಿದ್ದೇ ತಡ ಹೊದಿಕೆ ಸರ್ರನೆ ಮೇಲೆದ್ದು ಕೆಳಗಿನ ಲುಂಗಿ ಕಾಣಿಸಿತು. ನಮ್ಮ ಕಂಪ್ಯೂಟರಿನ ಹೆಂಗಸಿನದೇ ಗತಿ. ಅವ್ವ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡಿದಳು.

"ಏನ್ ನಡಿಸೀರಿ ಇದು? ಅವ್ವ ನೈಟಿ ಹಾಕ್ಕೊಂಡ್ಲಂತ ಅಪ್ಪಗೂ ಒಂದು ಹೊಲದಿ ಏನ?"

"ಸುಮ್ನಿರ ಅವ್ವ, ಆಫೀಸಿನ ಕೆಲಸ."

"ಈ ಕೆಲಸಕ್ಕ ಪಗಾರ ಬ್ಯಾರೆ ಕೊಡ್ತಾರಂತ. ಹೈದರಾಬಾದ್ ಭಾಳ ಮುಂದ ಹೋಗೇತಿ ಬಿಡು."

ಅವಳ ಬಾಯಲ್ಲಿ ಇಷ್ಟು ಮಾತು ಬಂದು ಬಹಳ ದಿನವಾಗಿತ್ತು. ನಾನು ಕತ್ತರಿ ತೆಗೆದುಕೊಂಡು ಎರಡೂ ಕಂಕುಳಲ್ಲಿ ಗೇಣುದ್ದ ಹೊಲಿಗೆ ಬಿಚ್ಚಿದೆ. ಮತ್ತೆ ಕೈ ಎತ್ತು ಅಂದೆ. ಅಪ್ಪ ಎತ್ತಿದ. ತೋಳು ತನ್ನ ಪಾಡಿಗೆ ಮೇಲೆ ಹೋಯಿತು, ಮೈಯ ಬಟ್ಟೆ ತನ್ನ ಪಾಡಿಗೆ ಕೆಳಗೆ ಉಳಿಯಿತು. ಅಂಚು ಪಾದದಿಂದ ಹೆಚ್ಚು ಕದಲಲಿಲ್ಲ. ಕಂಕುಳ ಕೆಳಗೆ ಬಿಟ್ಟ ಬಾಯಿ ಕಪ್ಪಗೆ, ಬೆರಳುದ್ದದ ಗೆರೆಯ ಹಾಗೆ ಕಂಡಿತು. ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ "ಏಮೈಂದಿ ಅಣ್ಣಾ?" ಎಂದು ಕೇಳಿದಳು. ಏನಾಯಿತೆಂದು ಅಪ್ಪನಿಗಾದರೂ ಏನು ಗೊತ್ತು? ಎರಡೂ ಕೈ ಮೇಲೆತ್ತಿಕೊಂಡೇ "ಪ್ರಾರ್ಥನ," ಎಂದು ಗಂಭೀರವಾಗಿ ಹೇಳಿದ. ಆಕೆ ತಲೆ ಬಾಗಿಸಿ ಒಳಗೆ ಹೋದಳು.

ಸಂಜೆ ಚಹಾ ಕುಡಿಯುವಾಗ ನಾನು ಫೋಟೋದ ಪ್ರತಿಯನ್ನು ಟೇಬಲಿನ ಮೇಲೆ ಬಿಟ್ಟಿದ್ದೆ. ಅವ್ವ ಎಡಗೈಯಲ್ಲಿ ಅದನ್ನೆತ್ತಿ ನೋಡಿದಳು.

"ಯಾರಿಕಿ?"

"ಗೊತ್ತಿಲ್ಲ. ನಮ್ಮಂಥಾಕಿನ. ಸಾವಿರಾರು ವರ್ಷದ ಹಿಂದ ತೀರಿಕೊಂಡಾಕಿ. ಸಮಾಧಿ ಗ್ವಾಡಿ ಮ್ಯಾಲ ಬರದಾರ."

ಅವ್ವ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದಳು. ತಲೆಯ ಹೊದಿಕೆಯ ಮೇಲೆ ಹೆಬ್ಬೆರಳು ಸವರಿದಳು. "ಕೈ ಎಷ್ಟು ಚಲೋ ಎತ್ತ್ಯಾಳ," ಅಂದು ಫೋಟೋ ಕೆಳಗಿಟ್ಟಳು.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸತ್ತವಳ ಅಂಗಿ ಕೈ ಎತ್ತಿದರೆ ಏಳುತ್ತದೋ ಇಲ್ಲವೋ ಎಂದು ವಾರಗಟ್ಟಲೆ ಜಗಳವಾಡಿದ್ದೆ. ಇದ್ದವಳ ಕೈಗೆ ಒಂದು ತೋಳು ತೂರುವುದಿಲ್ಲ ಎಂಬುದು ನನ್ನ ಕಣ್ಣೆದುರಿಗೇ ಇತ್ತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಲು ನನಗೆ ಅವಳ ಆ ಒಂದು ಮಾತು ಬೇಕಾಯಿತು. ತಕ್ಷಣ ಹೇಳಿದೆ, ಅವ್ವ, ನಿನಗೂ ಇಂಥದೇ ಒಂದು ಅಂಗಿ ಹೊಲಿಯುತ್ತೇನೆ, ಕೈ ನೋಯದೆ ಹಾಕಿಕೊಂಡು ಭಾನುವಾರ ಹೋಗಬಹುದು.

ಅವಳ ಮುಖ ಕೆಂಪಾಯಿತು. "ಸಮಾಧಿ ಒಳಗಿನ ಅಂಗಿ ನನಗ ಹಾಕ್ತೀ? ಇನ್ನೂ ಉಸುರೈತಿ ನನಗ. ಅಷ್ಟು ಅವಸರ ಆಗೇತೇನ ನಿಮಗ?"

ನನಗೂ ಸಿಟ್ಟು ನೆತ್ತಿಗೇರಿತು. ನಮ್ಮಿಬ್ಬರ ಸಿಟ್ಟೂ ಒಂದೇ ಅಚ್ಚಿನದು. ಫೋಟೋ ಅವಳ ಮುಂದೆ ಹಿಡಿದೆ. "ಕಣ್ಣು ಬಿಟ್ಟು ನೋಡವ್ವ. ಸತ್ತಾಕಿ ಹಂಗ ಬರದಾರೇನ? ಮಲಗಿಸ್ಯಾರೇನ? ಎದ್ದು ನಿಂತಾಳ. ಕಣ್ಣು ತೆರದಾಳ. ತನ್ನ ಚಲೋ ಅರಬಿ ಹಾಕ್ಕೊಂಡಾಳ. ಅಕಿ ಮಂದಿ ಅಕಿನ್ನ ಹಂಗ ನೆನಸಾಕ ಬಯಸಿದ್ರು. ಮಲಗಿದ್ದು ಅಕಿ ಅಲ್ಲ. ಮನ್ಯಾಗ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದು ನೀನು."

ಅಪ್ಪ ಚಹಾದ ಕಪ್ಪು ಹಿಡಿದುಕೊಂಡು ಹೊರಗೆ ಹೋಗಿಬಿಟ್ಟ. ಹೇಳಬಾರದ್ದನ್ನು ಹೇಳಿದೆನೆಂದು ಗೊತ್ತಿತ್ತು, ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ. ಅವ್ವ ಎದ್ದು ಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ವಾಪಸು ಬಂದವಳ ಕೈಯಲ್ಲಿ ಒಂದು ಖಣ ಇತ್ತು.

"ಸೀರಿ ಬಿಟ್ಟು ನಾ ಎಲ್ಲೂ ಬರಂಗಿಲ್ಲ. ಏನರ ಮಾಡೂದಿದ್ರ ಕುಬಸದಾಗ ಮಾಡು. ಕೆಡಸಿದೆಂದ್ರ ನೋಡ ಮತ್ತ, ಗುಳೇದಗುಡ್ಡದ್ದದು."

ಖಣ ಅಂದರೆ ಕುಬಸಕ್ಕೆಂದೇ ನೇಯುವ ಬಟ್ಟೆ. ಅಗಲ ಕಡಿಮೆ, ಎರಡೂ ಬದಿಗೆ ಬಣ್ಣದ ಅಂಚು. ನಮ್ಮ ಟೇಲರುಗಳು ಅದನ್ನು ತುಂಡು ತುಂಡು ಮಾಡಿ ತೋಳಿಗೊಂದು, ಬೆನ್ನಿಗೊಂದು ಎಂದು ಕತ್ತರಿಸುತ್ತಾರೆ. ನಾನು ಅದನ್ನು ನೆಲದ ಮೇಲೆ ಹರವಿ ಕೂತೆ. ಕತ್ತರಿಸದೆ ಹಾಗೇ ಹೆಗಲ ಮೇಲೆ ಮಡಿಚಿ ಹಾಕಿದರೆ? ಅವ್ವನ ಮೈಕಟ್ಟು ಸಣ್ಣದು. ಖಣದ ಅಗಲ ಅವಳ ಒಂದು ತೋಳಿನ ಅರ್ಧದಿಂದ ಇನ್ನೊಂದು ತೋಳಿನ ಅರ್ಧದವರೆಗೆ ಸರಿಯಾಗಿ ಬಂತು. ಎರಡೂ ಅಂಚುಗಳು ತಾವಾಗಿಯೇ ತೋಳಿನ ತುದಿಗೆ ಹೋಗಿ ಕೂತವು, ಗೋಡೆಯ ಮೇಲಿನವಳ ಮುಂಗೈ ಹತ್ತಿರ ಪಟ್ಟಿ ಇತ್ತಲ್ಲ, ಹಾಗೆ. ನಡುವೆ ತಲೆ ತೂರುವಷ್ಟು ಕತ್ತರಿಸಿ ಅಂಚು ಮಡಿಚಿ ಹೊಲಿದೆ. ಎಡಬದಿಗೆ ಕಂಕುಳು ಬಿಟ್ಟು ಹೊಲಿಗೆ ಹಾಕಿದೆ. ಬಲಬದಿಗೆ ಹೊಲಿಗೆಯೇ ಹಾಕದೆ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ತೆರೆದುಬಿಟ್ಟು, ಕಟ್ಟಿಕೊಳ್ಳಲು ಬಟ್ಟೆಯ ಕಸೆಗಳನ್ನಿಟ್ಟೆ. ಅಗಲ ಹೆಚ್ಚಾದದ್ದನ್ನು ಆ ಕಸೆಗಳೇ ಒಳಗೆಳೆದುಕೊಳ್ಳುತ್ತಿದ್ದವು. ನನ್ನ ಹೊಲಿಗೆ ನೋಡಿದರೆ ಯಾವ ಕಾಲದ ನೇಕಾರನೂ ಅಳುತ್ತಿದ್ದ, ಅದು ಬೇರೆ ಮಾತು.

ಮರುದಿನ ಮಧ್ಯಾಹ್ನ ತೊಡಿಸುವಾಗ ಅಪ್ಪ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪ ಮಾಡಿದ. ಅವ್ವ ಎಡಗೈ ತೂರಿಸಿ ತಲೆ ಹಾಕಿದಳು. ಬಲಗಡೆ ಬಟ್ಟೆ ತಾನಾಗಿ ಹೆಗಲ ಮೇಲಿಂದ ಇಳಿದು ತೋಳನ್ನು ಮುಚ್ಚಿತು. ಆ ಕೈಯನ್ನು ಅಲ್ಲಾಡಿಸುವ ಅಗತ್ಯವೇ ಬೀಳಲಿಲ್ಲ. ಕಸೆಗಳನ್ನು ಅವಳೇ ಎಡಗೈಯಲ್ಲಿ ಎಳೆದುಕೊಂಡಳು, ಗಂಟು ಮಾತ್ರ ನಾನು ಹಾಕಿದೆ. ಅವಳು ಕಿರುಚಲಿಲ್ಲ. ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿದಳು.

"ತೋಳು ಢಗಳಾ ಐತಿ," ಅಂದಳು. "ಕೊರಳು ಒಂದ್ ಕಡೆ ಇಳದೈತಿ. ಬೆನ್ನಾಗ ಸುಕ್ಕು." ಇನ್ನೂ ಏನೇನೋ ಹೆಸರಿಟ್ಟಳು. ಆದರೆ ಕುಬಸ ಬಿಚ್ಚಲಿಲ್ಲ. ಅದರ ಮೇಲೆ ಸೀರೆ ಸುತ್ತಿಕೊಂಡು ಸಂಜೆಯವರೆಗೆ ಮನೆಯೆಲ್ಲ ಓಡಾಡಿದಳು. ನಾನು ಅಡುಗೆಮನೆಗೆ ಹೋಗಿ ಅಪ್ಪನ ಬೆನ್ನಿಗೆ ಮುಖ ಇಟ್ಟು ಅತ್ತೆ. ಸಂತೋಷಕ್ಕೆ ಅಳು ಬರುತ್ತದೆ ಎಂದು ಕೇಳಿದ್ದೆ, ಬಂದದ್ದು ಅವತ್ತೇ.

ಆದರೆ ಅವತ್ತಿಗೇ ಎಲ್ಲ ಸರಿಹೋಗಲಿಲ್ಲ. ಸೀರೆ ಉಟ್ಟು ತರಕಾರಿ ತರಲು ಹೋದಳು, ಸ್ಟೇಷನ್ ರಸ್ತೆಯವರೆಗೆ ಅಪ್ಪನ ಜೊತೆ ನಡೆದಳು. ಚರ್ಚಿಗೆ ಮಾತ್ರ ಬರಲಿಲ್ಲ. ಕೈ ಏಳದ ಮೇಲೆ ಆ ಬೆಂಚಿನಲ್ಲಿ ಕೂತು ಏನು ಮಾಡಲಿ, ಬ್ಯಾಂಕಿನವರ ಹಾಡು ಕೇಳಲೆ ಎಂದಳು. ಒಂದು ಬೆಳಗ್ಗೆ ನಾನು ಆಫೀಸಿಗೆ ಹೊರಟಾಗ ಅವ್ವ ನಮ್ಮ ಪಡಸಾಲೆಯ ಗೋಡೆಗೆ ಮುಖ ಕೊಟ್ಟು ನಿಂತಿದ್ದಳು. ಬಲಗೈಯ ಬೆರಳುಗಳು ಇರುವೆಯ ಹಾಗೆ ಒಂದೊಂದೇ ಮೇಲಕ್ಕೆ ಹತ್ತುತ್ತಿದ್ದವು. ತುಟಿ ಕಚ್ಚಿ ಹಿಡಿದಿದ್ದಳು. ಪಕ್ಕದಲ್ಲಿ ಅಪ್ಪ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಬೆರಳು ನಿಂತ ಕಡೆ ಒಂದು ಗೆರೆ ಎಳೆದ, ಮಕ್ಕಳ ಎತ್ತರ ಗುರುತು ಹಾಕುವ ಹಾಗೆ. ಮನೆಯ ಮಾಲೀಕ ಬೈದಾನು ಅಂದೆ. "ಬೈಲಿ," ಅಂದ ಅಪ್ಪ. "ಸುಣ್ಣಾ ಹಚ್ಚಿಸಿ ಕೊಡ್ತೇನಿ."

ನಾನು ಆಫೀಸಿನಲ್ಲಿ ನನ್ನ ಸ್ನೇಹಿತನಿಗೆ ಅಂಗಳದ ಪ್ರಯೋಗವನ್ನು ಹೇಳಿ ಕಂಕುಳು ಬಿಚ್ಚಿಸಿದೆ. ಅವನು ನಂಬದ ಮುಖ ಮಾಡಿಕೊಂಡೇ ತೋಳನ್ನು ಬೇರೆ ಮಾಡಿ ಗುಂಡಿ ಒತ್ತಿದ. ಪರದೆಯ ಮೇಲಿನ ಹೆಂಗಸು ನಿಧಾನವಾಗಿ ಎರಡೂ ಕೈ ಎತ್ತಿದಳು. ಪಟ್ಟೆಗಳು ನೇರ ಉಳಿದವು, ಅಂಚು ಪಾದದ ಹತ್ತಿರ ಉಳಿಯಿತು, ಕಂಕುಳಲ್ಲಿ ಸಣ್ಣ ಕಪ್ಪು ಬಾಯಿ ತೆರೆಯಿತು. ಅವನು ಮೆಲ್ಲಗೆ "ಅಬ್ಬಾ," ಅಂದ. ಮತ್ತೆ ಅವಳ ಕೈ ಇಳಿಸಿದ, ಮತ್ತೆ ಎತ್ತಿಸಿದ. ಊಟಕ್ಕೆ ಹೋಗುವವರೆಲ್ಲ ನಮ್ಮ ಹಿಂದೆ ಬಂದು ನಿಂತರು. ಮ್ಯೂಸಿಯಂನವರು ಒಪ್ಪಿ, ಉಳಿದ ಚಿತ್ರಗಳನ್ನೂ ನಮಗೇ ಕೊಟ್ಟರು. ಇತಿಹಾಸ ಓದಿ ಏನು ಮಾಡುತ್ತೀಯ ಎಂದು ಕೇಳುವವರಿಗೆ ಕಂಕುಳು ನೋಡುತ್ತೇನೆ ಎಂದು ಹೇಳತೊಡಗಿದೆ. ಅವರ ಮುಖ ನೋಡುವುದೇ ಒಂದು ಮಜಾ.

ಆದರೂ ಆ ಗೆರೆ ತೆರೆದ ಬಾಯಿಯೇ ಎಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಸುಣ್ಣದ ಗಾರೆ ಒಣಗುವುದರೊಳಗೆ ಬರೆದು ಮುಗಿಸಬೇಕಿದ್ದ ಯಾವನೋ ಕುಂಚದವನು ಕೈ ಅಭ್ಯಾಸದಿಂದ ಎಳೆದದ್ದೂ ಇರಬಹುದು. ಮುಂದೆ ಈ ಕೆಲಸದಲ್ಲೇ ಉಳಿದ ನಾನು ಇಂಥ ಎಷ್ಟೋ ಗೆರೆಗಳ ಬಗ್ಗೆ ನನಗಿಂತ ತಿಳಿದವರ ಜೊತೆ ಜಗಳವಾಡಿದ್ದೇನೆ, ಸೋತೂ ಇದ್ದೇನೆ. ಆ ಒಂದು ಗೆರೆಯ ವಿಷಯದಲ್ಲಿ ಮಾತ್ರ ಯಾರು ಏನೇ ಅಂದರೂ ನಾನು ಬಿಟ್ಟುಕೊಡುವುದಿಲ್ಲ.

ಗೋಡೆಯ ಪೆನ್ಸಿಲ್ ಗೆರೆಗಳು ಅವ್ವನ ಸೊಂಟದ ಮಟ್ಟದಿಂದ ಎದೆಯ ಮಟ್ಟಕ್ಕೆ ಬಂದವು. ಅಲ್ಲಿಂದ ಹೆಗಲಿಗಿಂತ ಸ್ವಲ್ಪ ಮೇಲಕ್ಕೆ ಬಂದು ನಿಂತುಬಿಟ್ಟವು. ಎಷ್ಟು ತುಟಿ ಕಚ್ಚಿದರೂ ಬೆರಳು ಆ ಕೊನೆಯ ಗೆರೆಯನ್ನು ದಾಟಲಿಲ್ಲ. ಇಷ್ಟೇ ಇರಬೇಕು ಎಂದು ಡಾಕ್ಟರೂ ಅಂದರು. ಚಳಿಗಾಲದ ಒಂದು ಭಾನುವಾರ ನಾನು, ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅವ್ವ ಬಿಳಿ ಸೀರೆಯುಟ್ಟು, ಖಣದ ಕುಬಸ ತೊಟ್ಟು ಹೊರಬಂದಳು. ಹೆಚ್ಚು ಮಾತಾಡದೆ "ನಡೀರಿ, ಹೊತ್ತಾತು," ಅಂದಳು.

ಹಾಲಿನಲ್ಲಿ ಅವಳನ್ನು ನೋಡಿ ಹೆಂಗಸರು ಎದ್ದು ಬಂದು ಕೆನ್ನೆ ಸವರಿದರು. ಮುಂದಿನ ಬೆಂಚಿನ ಅವಳ ಜಾಗವನ್ನು ಯಾರೂ ತುಂಬಿರಲಿಲ್ಲ. ಪಾದ್ರಿ ಹಾಡಿನ ಹೆಸರು ಹೇಳಿದರು. ಬ್ಯಾಂಕಿನ ಹಿರಿಯರು ಅಭ್ಯಾಸದಂತೆ ಅರ್ಧ ಎದ್ದವರು ಅವ್ವನ ಕಡೆ ನೋಡಿ ಹಾಗೇ ಕೂತರು. ಬಹಳ ಸಮಾಧಾನವಾದ ಹಾಗೆ ಅವರ ಮುಖ ಕಂಡಿತು.

ಅವ್ವ ಎದ್ದಳು. ಎಡಗೈಯಲ್ಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಾಯಿ ಮುಚ್ಚಿಕೊಂಡೇ ಶ್ರುತಿ ಹಿಡಿದಳು, ತಿಂಗಳುಗಳಾದರೂ ಅದು ಇದ್ದಲ್ಲೇ ಇತ್ತು. ಬಲಗೈ ಏರತೊಡಗಿತು. ಎದೆಯ ಮಟ್ಟ. ಹೆಗಲ ಮಟ್ಟ. ಅಲ್ಲಿ ಕೈ ನಡುಗಿ ನಿಂತಿತು. ಖಣದ ತೋಳಿನ ಅಂಚು ನಡುಗುವುದು ನನಗೆ ಹಿಂದಿನ ಬೆಂಚಿನಿಂದ ಕಾಣುತ್ತಿತ್ತು. ಆಗ ಅವಳು ಎಡಗೈಯನ್ನೂ ಎತ್ತಿದಳು, ಬಲಗೈ ಒಂಟಿಯಾಗದಿರಲಿ ಎಂಬಂತೆ. ಎರಡೂ ಕೈ ಬದಿಗೆ ಬಿಚ್ಚಿ, ಅಂಗೈ ತೆರೆದು, ತಲೆಯ ಮೇಲೆ ಸೆರಗು ಹೊದ್ದು, ಅವ್ವ ನಮಗೆಲ್ಲ ಬೆನ್ನು ಮಾಡಿ ನಿಂತಿದ್ದಳು. ಎಲ್ಲರೂ ಉಸಿರು ಹಿಡಿದಿದ್ದೆವು. ಬಲಗೈ ಇನ್ನಷ್ಟು ಏರಿತು.

ಅಪ್ಪ ನನ್ನ ಕಿವಿಯ ಹತ್ತಿರ ಬಂದ.

"ಗೆರಿ ದಾಟಿತು," ಅಂದ.

ಕೈ ಇಳಿಯಿತು. ಹಾಲಿನವರೆಲ್ಲ ಒಟ್ಟಿಗೆ ಹಾಡಿದರು. ನನಗೆ ಮಾತ್ರ ಮೊದಲ ಸಾಲು ಹಾಡಲು ಆಗಲಿಲ್ಲ.